ಅಟ್ಟದ ಮೇಲಿನ ಸೀಸದ ಗುಂಡು

ಕಬ್ಬಿಣ ಕರಗಬೇಕಾದರೆ ಒಂದೂವರೆ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವು ಬೇಕು. ತಾಮ್ರಕ್ಕೆ 1085 ಡಿಗ್ರಿ. ಸೀಸಕ್ಕೆ ಬರೀ 327 ಸಾಕು, ಅಡುಗೆಮನೆಯ ಒಲೆಯೇ ಅಷ್ಟು ಕಾವು ಕೊಡುತ್ತದೆ. ಹಿಂದೆ ಬಂದೂಕಿನ ನಳಿಗೆ ಮಾಡಲು ಪಳಗಿದ ಕಮ್ಮಾರ ಬೇಕಾಗಿದ್ದರೂ ಅದರ ಗುಂಡು ಮನೆಯಲ್ಲೇ ಆಗುತ್ತಿತ್ತು. ಕೈಯಲ್ಲಿ ಮಾಡಿದ ನಳಿಗೆಗಳು ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಅದಕ್ಕೇ ಪ್ರತಿ ಬಂದೂಕಿನ ಜೊತೆಗೆ ಅದರ ಬಾಯಿಗೆ ತಕ್ಕ ಅಚ್ಚೂ ಇರಬೇಕಿತ್ತು. ಬಂದೂಕು ಸರ್ಕಾರದ ಪಾಲಾದ ಮನೆಯಲ್ಲೂ ಆ ಅಚ್ಚು ಉಳಿದುಕೊಂಡಿರಬಹುದು. ನೋಡಿದವರಿಗೆ ಅದು ಆಯುಧ ಅನ್ನಿಸುವುದಿಲ್ಲ, ದೊಡ್ಡದೊಂದು ಅಡಕೊತ್ತಿನಂತೆ ಕಾಣುತ್ತದೆ.

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಇಂಥ ವಸ್ತುಗಳು ಹೊರಬೀಳಲು ಹಲವು ದಾರಿಗಳಿವೆ. ಹಳೆಯ ಮನೆ ಕೆಡವುವಾಗ ಅಟ್ಟದಿಂದ, ಹಗೇವು ಮುಚ್ಚುವಾಗ ಅದರ ಬಾಯಿಯಿಂದ, ಕಬ್ಬಿನ ಹೊಲವನ್ನು ಟ್ರ್ಯಾಕ್ಟರ್ ಆಳವಾಗಿ ಉತ್ತಾಗ ಎರೆಮಣ್ಣಿನಿಂದ ಅವು ಬರುತ್ತವೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಬೀಳಗಿ ತಾಲ್ಲೂಕಿನ ಮನೆತನಗಳು ಪುನರ್ವಸತಿ ಕೇಂದ್ರಗಳಿಗೆ ಹೊರಟಾಗ ತಲೆಮಾರುಗಳ ಸಾಮಾನು ಒಮ್ಮೆಲೇ ಅಂಗಳಕ್ಕೆ ಬಂತು. ಕೆಲವು ಮನೆಗಳಲ್ಲಿ ಖಂಡೇನವಮಿಯ ದಿನ ಕತ್ತಿಯ ಪಕ್ಕದಲ್ಲಿ ಒಂದೆರಡು ಬೂದುಬಣ್ಣದ ಗುಂಡುಗಳೂ ಅರಿಷಿಣ ಕುಂಕುಮ ಕಾಣುತ್ತವೆ. ಆದರೆ ಪೂಜೆಯ ಜಾಗ ಸಿಗದ ಗುಂಡು ಗುಜರಿಯವನ ತಕ್ಕಡಿಗೆ ಬೀಳುತ್ತದೆ, ಹಳೆಯ ಬ್ಯಾಟರಿಗಳ ಸೀಸದ ಜೊತೆ ಕುಲುಮೆ ಸೇರುತ್ತದೆ. ಅದು ಕರಗುವ ಮೊದಲು ಯಾರಾದರೂ ಒಬ್ಬರು ಅದನ್ನು ಗುರುತು ಹಿಡಿಯಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಈ ನೆಲದಲ್ಲಿ ಒಂದು ಊರು ಬಂದೂಕಿನ ಕಾರಣಕ್ಕೇ ಸುಟ್ಟುಹೋಗಿದೆ.

ಮುಧೋಳ ತಾಲ್ಲೂಕಿನ ಹಲಗಲಿಯ ಕಥೆ ಹತ್ತನೆಯ ತರಗತಿಯ ಪಠ್ಯದಿಂದಾಗಿ ರಾಜ್ಯದ ಮಕ್ಕಳಿಗೆಲ್ಲ ಗೊತ್ತು. ಆದರೂ ತಾರೀಖುಗಳನ್ನು ಒಂದರ ಮುಂದೊಂದು ಇಟ್ಟು ನೋಡುವುದು ಒಳ್ಳೆಯದು. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದ ಮೇಲೆ ಇಂಗ್ಲಿಷರು ಆಯುಧ ಕಾಯ್ದೆ ತಂದರು. ಬಂದೂಕು ಇದ್ದವರು ನವೆಂಬರ್ 10ರೊಳಗೆ ಅದನ್ನು ನೋಂದಾಯಿಸಿ ಪರವಾನಗಿ ಪಡೆಯಬೇಕು ಎಂದು ಸಾರಲಾಯಿತು. ಮುಧೋಳ ಆಗ ಘೋರ್ಪಡೆಯವರ ಸಂಸ್ಥಾನ, ಇಂಗ್ಲಿಷರ ಅಧೀನ. ಸಂಸ್ಥಾನದ ಕಾರಭಾರಿ ಹಲಗಲಿಯ ಬೇಡರ ಮುಖಂಡ ಜಡಗನನ್ನು ಕರೆಸಿಕೊಂಡು, ಅವನು ಕೇಳದಿದ್ದರೂ, ನವೆಂಬರ್ 11ರಂದು ಅವನ ಕೈಗೆ ಪರವಾನಗಿ ಕೊಟ್ಟ. ಮುಖಂಡ ತೆಗೆದುಕೊಂಡರೆ ಉಳಿದವರೂ ಬಂದಾರು ಎಂಬ ಲೆಕ್ಕ ಅವನದು. ಯಾರೂ ಬರಲಿಲ್ಲ.

15ಕ್ಕೆ, 20ಕ್ಕೆ, ಮತ್ತೆ 21ಕ್ಕೆ ಕಾರಭಾರಿಯ ಆಳುಗಳು ಹಲಗಲಿಗೆ ಹೋದರು. 21ರಂದು ಹೋದವರನ್ನು ಜಡಗ ಮತ್ತು ಇನ್ನೊಬ್ಬ ಮುಖಂಡ ಬಾಲ ಹೊಡೆದಟ್ಟಿದರು. 25ರಂದು ಹೋದವನಿಗೆ ಊರೊಳಗೆ ಕಾಲಿಡಲೂ ಆಗಲಿಲ್ಲ. ಅಷ್ಟರಲ್ಲಿ ಮಂಟೂರು, ಬುದ್ನಿ, ಆಲಗುಂಡಿಯ ಆಯುಧ ಹಿಡಿದ ಜನ ಹಲಗಲಿಗೆ ಬಂದು ಸೇರಿದ್ದರು. ಸಾತಾರೆಯ ದರ್ಬಾರಿನಲ್ಲಿ ಕೆಲಸ ಕಳೆದುಕೊಂಡಿದ್ದ ಬಾಬಾಜಿ ನಿಂಬಾಳ್ಕರ ಅವರ ಬೆನ್ನಿಗಿದ್ದ. 29ರ ರಾತ್ರಿ ಸುಮಾರು ಐನೂರು ಜನ ಇಂಗ್ಲಿಷ್ ದಂಡನ್ನು ಊರ ಹೊರಗೇ ತಡೆದು ನಿಲ್ಲಿಸಿದರು. 30ಕ್ಕೆ ಮೇಜರ್ ಮಾಲ್ಕಮ್ ಹೆಚ್ಚಿನ ಸೈನ್ಯ ತಂದು ಊರಿಗೆ ಬೆಂಕಿ ಇಟ್ಟ. ನಿಂಬಾಳ್ಕರ ಸತ್ತವರಲ್ಲಿ ಒಬ್ಬ. ಸೆರೆಸಿಕ್ಕ 290 ಜನರಲ್ಲಿ 29 ಜನರ ವಿಚಾರಣೆ ನಡೆಯಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 11 ಜನರನ್ನು, 14ರಂದು ಹಲಗಲಿಯಲ್ಲೇ ಜಡಗ, ಬಾಲ ಸೇರಿ ಆರು ಜನರನ್ನು ಗಲ್ಲಿಗೇರಿಸಿದರು.

ಯಾವ ರಾಜನೂ ಜಹಗೀರದಾರನೂ ಈ ಬಂಡಾಯದ ಮುಂದೆ ನಿಂತಿರಲಿಲ್ಲ. ಬೇಟೆಯಿಂದ, ಕಾವಲಿನಿಂದ ಬದುಕಿದವರು ತಮ್ಮ ಕೈಯ ಹತಾರಕ್ಕಾಗಿ ನಿಂತಿದ್ದರು. ನಮಗೆ ಉಳಿದಿರುವುದು ಎರಡು ಬಗೆಯ ಸಾಕ್ಷಿ. ಒಂದು, ಗೆದ್ದವರ ವರದಿ. ಇನ್ನೊಂದು, ಸೋತವರ ಪರವಾಗಿ ಊರೂರಲ್ಲಿ ಹಾಡಿದ ಲಾವಣಿ. ವರದಿಯಲ್ಲಿ ಬೇಡರ ದನಿ ಇಲ್ಲ, ಲಾವಣಿಯಲ್ಲಿ ಅಳತೆ ತೂಕ ಇಲ್ಲ. ಹೊಲದಲ್ಲಿ, ಅಟ್ಟದಲ್ಲಿ ಬಿದ್ದಿರುವ ಸೀಸ ಮೂರನೆಯ ಸಾಕ್ಷಿಯಾಗಬಲ್ಲದು, ಅದನ್ನು ಸರಿಯಾಗಿ ಓದಿದರೆ ಮಾತ್ರ. ಹಳೆಯ ಗುಂಡು ಕಂಡ ತಕ್ಷಣ ‘ಇದು ಹಲಗಲಿಯದು’ ಎನ್ನುವ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಆ ಅಭಿಮಾನವೇ ನಿಜವಾದ ಗುಂಡನ್ನು ನಕಲಿಗಳ ರಾಶಿಯಲ್ಲಿ ಹುಗಿದುಬಿಡುತ್ತದೆ.

ಮೊದಲ ಪರೀಕ್ಷೆ ತೂಕದ್ದು. ಸೀಸದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ, ಕಬ್ಬಿಣದ್ದು ಎಂಟಕ್ಕೂ ಕಡಿಮೆ. ಬಂಗಾರದ ಅಂಗಡಿಯ ತಕ್ಕಡಿಯೂ ವರ್ನಿಯರ್ ಅಳತೆಪಟ್ಟಿಯೂ ಇದ್ದರೆ ಲೆಕ್ಕ ಸುಲಭ. ಅಡ್ಡಳತೆ 10 ಮಿಲಿಮೀಟರ್ ಇರುವ ಸೀಸದ ಗುಂಡು ಸುಮಾರು 6 ಗ್ರಾಂ ತೂಗುತ್ತದೆ, 12 ಇದ್ದರೆ 10 ಗ್ರಾಂ, 15 ಇದ್ದರೆ 20 ಗ್ರಾಂ. ಹದಿನೈದರ ಗುಂಡು 14 ಗ್ರಾಂ ಆಸುಪಾಸಿಗೆ ನಿಂತರೆ ಅದು ಸೀಸವಲ್ಲ, ಯಾವುದೋ ಯಂತ್ರದಿಂದ ಉದುರಿದ ಬೇರಿಂಗ್ ಗುಂಡು. ಅಯಸ್ಕಾಂತ ಹಿಡಿದರೆ ಸಂಶಯ ಅಲ್ಲಿಗೇ ತೀರುತ್ತದೆ. ತೂಕ ತುಸು ಕಡಿಮೆ ಬಂದರೆ ಗಾಬರಿ ಬೇಡ, ಎರಕದ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಮನೆಯ ಎರಕದಲ್ಲಿ ಅದು ಸಾಮಾನ್ಯ.

ಎರಡನೆಯದು ಮೈಮೇಲಿನ ಗುರುತು. ಎರಡು ಹೋಳಿನ ಅಚ್ಚಿನಲ್ಲಿ ಎರೆದ ಗುಂಡಿನ ನಡುವೆ ಸುತ್ತಲೂ ತೆಳ್ಳಗಿನ ಗೆರೆ ಎದ್ದಿರುತ್ತದೆ, ಹೋಳುಗಳು ಕೂಡಿದ ಜಾಗ ಅದು. ಸೀಸ ಹೊಯ್ದ ಬಾಯಿಯ ಕಡೆ ಒಂದು ತೊಟ್ಟು ಉಳಿಯುತ್ತದೆ, ಅದನ್ನು ಕತ್ತರಿಸಿದ ಚಪ್ಪಟೆ ಗಾಯ ಕಾಣುತ್ತದೆ. ಈ ಗೆರೆ, ಈ ಗಾಯ ಎರಡೂ ಚೊಕ್ಕವಾಗಿದ್ದರೆ ಗುಂಡು ಹಾರಿಲ್ಲ. ಯಾರದೋ ಚೀಲದಿಂದ ಉದುರಿದ್ದು, ಇಲ್ಲವೇ ಮನೆಯಲ್ಲೇ ಉಳಿದದ್ದು. ಹಾರಿದ ಗುಂಡಿನ ಸೊಂಟದ ಸುತ್ತ ನಳಿಗೆಗೆ ಉಜ್ಜಿದ ಪಟ್ಟಿ ಇರಬಹುದು, ಒಂದು ಕಡೆ ಸಲಾಕೆಯಿಂದ ಜಡಿದಾಗ ಬಿದ್ದ ತಗ್ಗು ಇರಬಹುದು. ಕಲ್ಲಿಗೋ ಮರಕ್ಕೋ ಬಡಿದದ್ದು ಚಪ್ಪಟೆಯಾಗಿ ಗುರುತೇ ಸಿಗದಂತಾಗಿರುತ್ತದೆ. ಅಂಥದ್ದನ್ನೇ ಜನ ಬಿಸಾಡುತ್ತಾರೆ, ಚರಿತ್ರೆಗೆ ಹೆಚ್ಚು ಬೇಕಾದದ್ದು ಅದೇ. ಹಲ್ಲಿನ ಗುರುತು ಕಂಡರೆ ಗಾಯಾಳು ನೋವಿಗೆ ಕಚ್ಚಿದ್ದು ಎಂದು ಕಥೆ ಕಟ್ಟುವವರಿದ್ದಾರೆ. ಬೇರೆ ದೇಶಗಳ ಹಳೆಯ ರಣರಂಗಗಳಲ್ಲಿ ಸಿಕ್ಕ ಇಂಥ ಗುಂಡುಗಳಲ್ಲಿ ಬಹಳಷ್ಟನ್ನು ಹಂದಿಗಳು ಅಗಿದಿದ್ದವು.

ಮೂರನೆಯದು ಬಣ್ಣ. ಹೊಸ ಸೀಸ ಬೆಳ್ಳಿಯಂತೆ ಹೊಳೆದು ಬೇಗ ಮಂಕಾಗುತ್ತದೆ. ದಶಕಗಳ ಕಾಲ ಮಣ್ಣಲ್ಲಿದ್ದ ಸೀಸಕ್ಕೆ ಬೂದುಬಿಳುಪಿನ, ಕೆಲವೊಮ್ಮೆ ಕೆನೆಬಣ್ಣದ ಗಟ್ಟಿ ಪೊರೆ ಕಟ್ಟುತ್ತದೆ. ನಮ್ಮ ಎರೆಮಣ್ಣು ಸುಣ್ಣದ ಅಂಶದ್ದು, ಕ್ಷಾರದ್ದು. ಅಂಥ ನೆಲದಲ್ಲಿ ಸೀಸ ಪೊರೆ ಹೊದ್ದು ಬಹುಕಾಲ ಉಳಿಯುತ್ತದೆ. ಆ ಪೊರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸಿದರೆ ಗುಂಡಿನ ವಯಸ್ಸು ಹೇಳುವ ಮುಖ್ಯ ಗುರುತನ್ನು ನಾವೇ ಅಳಿಸಿದಂತೆ.

ನಾಲ್ಕನೆಯದು ಮೆದುತನ. ಅಪ್ಪಟ ಸೀಸಕ್ಕೆ ಉಗುರಿನ ಗೀರು ಬೀಳುತ್ತದೆ. ಗಟ್ಟಿಯಾಗಿದ್ದರೆ ಆಂಟಿಮನಿ ಬೆರೆತಿರಬಹುದು, ಹಾಗಿದ್ದರೆ ಈಚಿನದ್ದಾಗಿರುವ ಸಂಭವ ಹೆಚ್ಚು. ನಮ್ಮೂರುಗಳ ಹಳೆಯ ಮುದ್ರಣಾಲಯಗಳ ಅಚ್ಚುಮೊಳೆಗಳೂ ಸೀಸ, ತವರ, ಆಂಟಿಮನಿಯ ಬೆರಕೆಯೇ. ಆ ಮೊಳೆಗಳನ್ನು ಕರಗಿಸಿ ಎರೆದ ಗುಂಡಿಗೂ ಹಲಗಲಿಗೂ ಸಂಬಂಧವಿಲ್ಲ.

ಆಕಾರ ಕಾಲವನ್ನು ಹೇಳುತ್ತದೆ. ಕಂಪನಿ ಸೈನ್ಯದ ಹಳೆಯ ಮಸ್ಕೆಟ್ಟಿನ ಉರುಟು ಗುಂಡು ಸುಮಾರು 17.5 ಮಿಲಿಮೀಟರ್, ತೂಕ 32 ಗ್ರಾಂ ಹತ್ತಿರ. ಯಾವ ತೋಟೆಯ ಕೊಬ್ಬಿನ ಮಾತಿಗೆ ಸಿಪಾಯಿಗಳು ಸಿಡಿದೆದ್ದರೋ ಆ 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ಗುಂಡು ಉರುಟಲ್ಲ, ಉದ್ದನೆಯದು. ಬುಡದಲ್ಲಿ ಟೊಳ್ಳು ಇರುತ್ತದೆ, ತೂಕ 34 ಗ್ರಾಂ. ಬಂದೂಕು ಸಿಡಿದಾಗ ಆ ಟೊಳ್ಳು ಬುಡ ಹಿಗ್ಗಿ ನಳಿಗೆಯ ಒಳಗಿನ ಸುರುಳಿಗೆರೆಯನ್ನು ಹಿಡಿದುಕೊಳ್ಳುತ್ತಿತ್ತು. ಗುಂಡು ಇನ್ನೂ ದೂರ, ಇನ್ನೂ ನೇರ ಹಾರುತ್ತಿತ್ತು. ತಾಮ್ರದ ಕವಚ ಹೊದ್ದ ಚೂಪು ಗುಂಡು 1857ಕ್ಕೆ ಸೇರಿದ್ದಾಗಲಾರದು, ಅಂಥವು ಸೈನ್ಯಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಹಿತ್ತಾಳೆಯ ತೋಟೆಯ ಸಮೇತ ಸಿಕ್ಕರೆ ಪರೀಕ್ಷೆಗೆ ಕೈ ಹಾಕಲೇಬೇಡಿ. ಒಳಗಿನ ಮದ್ದು ಇನ್ನೂ ಜೀವಂತ ಇರಬಹುದು. ಇದ್ದಲ್ಲೇ ಬಿಟ್ಟು 112ಕ್ಕೆ ಫೋನ್ ಮಾಡಿ.

ನಾಡಬಂದೂಕಿನ ಗುಂಡಿಗೆ ಇಂಥ ಒಂದು ಗೊತ್ತಾದ ಅಳತೆ ಇರಲಿಲ್ಲ. ಬತ್ತಿ ಹೊತ್ತಿಸಿ ಹಾರಿಸುವ ಜಾಮಗಿ ಬಂದೂಕು ಊರಿಗೊಂದು, ಕೈಗೊಂದು ಬಗೆ. ಹಾಗಾಗಿ ಸರಿಸಮ ಅಳತೆಯ, ಚೊಕ್ಕ ಮೈಯ ಹತ್ತಾರು ಗುಂಡುಗಳ ಮಾಲೆಯನ್ನು ತೋರಿಸಿ ‘ಬೇಡರ ಗುಂಡು’ ಎಂದು ಮಾರಲು ಬಂದರೆ ನನಗೆ ಮೊದಲು ಅನುಮಾನ ಬರುವುದು ಆ ಚೊಕ್ಕತನದ ಮೇಲೆಯೇ. ತೂತು ಇರುವ ಸೀಸದ ತುಂಡುಗಳು ಕೃಷ್ಣೆ, ಘಟಪ್ರಭೆಯ ಮೀನುಗಾರರ ಬೀಸುಬಲೆಯಿಂದ ಬಂದಿರಬೇಕು. ಬನಹಟ್ಟಿಯ ಮಗ್ಗಗಳಲ್ಲಿ ದಾರ ಜಗ್ಗಿ ಹಿಡಿಯಲು ತೂಗುಹಾಕುವ ಭಾರದ ತುಂಡುಗಳನ್ನೂ, ಗೌಂಡಿಯ ತೂಕದ ಗುಂಡನ್ನೂ ಹೀಗೆ ಮೋಸಗೊಳಿಸುವ ವಸ್ತುಗಳ ಪಟ್ಟಿಗೆ ಸೇರಿಸಬಹುದು.

ಅಚ್ಚಿನ ವಿಷಯದಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ನಿಜವಾದ ಗುಂಡಿನ ಅಚ್ಚಿಗೆ ಎರಡು ಹೋಳು ಇರಲೇಬೇಕು. ಮುಚ್ಚಿದಾಗ ಒಳಗೆ ಪೂರ್ತಿ ಗೋಲವಾಗಬೇಕು, ಹೊರಗಿನಿಂದ ಆ ಗೋಲಕ್ಕೆ ಇಳಿಯುವ ಸಣ್ಣ ಕಾಲುವೆ ಇರಬೇಕು. ಕಬ್ಬಿಣ, ಹಿತ್ತಾಳೆಯ ಅಚ್ಚಾದರೆ ಇಕ್ಕಳದ ಹಾಗೆ ಹಿಡಿಕೆ ಇರುತ್ತದೆ, ಬಳಪದ ಕಲ್ಲಿನದಾದರೆ ಹೋಳುಗಳು ಜಾರದಂತೆ ಗೂಟ, ಕುಳಿ ಇರುತ್ತವೆ. ಬಳಸಿದ ಅಚ್ಚಿನ ಬಾಯಿ ಕಪ್ಪಾಗಿರುತ್ತದೆ, ಸಂದಿಯಲ್ಲಿ ಸೀಸದ ಚೂರು ಕಚ್ಚಿಕೊಂಡಿರುತ್ತದೆ. ಅಕ್ಕಸಾಲಿಗರು ಬಂಗಾರದ ಹಾಳೆಯನ್ನು ಬಟ್ಟಲಾಗಿ ತಟ್ಟುವ ಹಿತ್ತಾಳೆಯ ದಿಮ್ಮಿಯನ್ನು ಎಷ್ಟೋ ಜನ ಗುಂಡಿನ ಅಚ್ಚು ಎಂದುಕೊಳ್ಳುತ್ತಾರೆ. ಅದರ ಮೈತುಂಬ ಸಣ್ಣದರಿಂದ ದೊಡ್ಡದರವರೆಗೆ ಅರ್ಧಗೋಲದ ಕುಳಿಗಳಿರುತ್ತವೆ, ಜೊತೆ ಹೋಳೂ ಇಲ್ಲ, ಹೊಯ್ಯುವ ಬಾಯಿಯೂ ಇಲ್ಲ. ಕರೆಂಟ್ ಮೀಟರಿಗೆ ಸೀಸದ ಮುದ್ರೆ ಒತ್ತುವ ಇಕ್ಕಳವೂ ಹಾಗೆಯೇ. ಬಾಯಿ ಬಿಡಿಸಿ ನೋಡಿದರೆ ಗೋಲದ ಬದಲು ಅಕ್ಷರ ಕೊರೆದ ಚಪ್ಪಟೆ ಮುಖ ಕಾಣುತ್ತದೆ.

ಸಂಸ್ಥಾನಿಕರ, ಇನಾಮದಾರರ ಮನೆಗಳಲ್ಲಿ ಇಂಗ್ಲೆಂಡಿನಿಂದ ಪೆಟ್ಟಿಗೆ ಸಮೇತ ತರಿಸಿದ ಬಂದೂಕುಗಳ ಅಚ್ಚುಗಳಿದ್ದರೆ ಅವುಗಳ ಮೇಲೆ ಸಾಮಾನ್ಯವಾಗಿ ಒಂದು ಅಂಕಿ ಇರುತ್ತದೆ. 16 ಎಂದಿದ್ದರೆ ಅದು ಇಸವಿಯೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು, ಅಂದರೆ 453.6 ಗ್ರಾಂ ಸೀಸದಲ್ಲಿ ಅಂಥ 16 ಗುಂಡು ಆಗುತ್ತವೆ ಎಂದು ಅರ್ಥ. ಒಂದೊಂದರ ತೂಕ 28 ಗ್ರಾಂ ಚಿಲ್ಲರೆ, ಅಡ್ಡಳತೆ ಸುಮಾರು 16.8 ಮಿಲಿಮೀಟರ್. ಇವತ್ತಿಗೂ ನಮ್ಮ ರೈತರು ಹೇಳುವ ಹನ್ನೆರಡು ಬೋರಿನ ಬಂದೂಕಿನ ಹೆಸರೂ ಇದೇ ಲೆಕ್ಕದ್ದು, ಪೌಂಡಿನ ಹನ್ನೆರಡನೇ ಪಾಲು. ಅಂಕಿ ಚಿಕ್ಕದಾದಷ್ಟೂ ಗುಂಡು ದೊಡ್ಡದು. ಅಮೆರಿಕದ ಲೈಮನ್ ಕಂಪನಿಯ ಅಚ್ಚುಗಳ ರೂಢಿಯೇ ಬೇರೆ. ಅಲ್ಲಿ ಉದ್ದನೆಯ ಸಂಖ್ಯೆಯ ಮೊದಲ ಮೂರು ಅಂಕಿ ಇಂಚಿನ ಸಾವಿರದ ಲೆಕ್ಕದಲ್ಲಿ ಗುಂಡಿನ ಅಡ್ಡಳತೆ ಹೇಳುತ್ತವೆ. ಅಂಥದ್ದು ಇಪ್ಪತ್ತನೆಯ ಶತಮಾನದ್ದು.

ಪಳಪಳ ಹೊಳೆಯುವ ಹಿತ್ತಾಳೆಯ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು ದಪ್ಪಕ್ಷರದಲ್ಲಿದ್ದರೆ ಎಚ್ಚರ ಇರಲಿ. ಬೈಠಕ್‌ಖಾನೆಯ ಅಲಂಕಾರಕ್ಕೆಂದು ಇಂಥ ಮುದ್ರೆ ಒತ್ತಿದ ದೂರದರ್ಶಕ, ದಿಕ್ಸೂಚಿಗಳು ನಮ್ಮ ದೇಶದಲ್ಲಿ ಈಗಲೂ ತಯಾರಾಗುತ್ತವೆ. ಹಿಡಿಕೆಯ ಸ್ಕ್ರೂ ತಲೆಯಲ್ಲಿ ಕೂಡಿಸುವ ಚಿಹ್ನೆಯಂಥ ಅಡ್ಡಗೀರು ಕಂಡರೆ ಅದು 1930ರ ದಶಕಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಎರಡು ಹೋಳು ಸರಿಯಾಗಿ ಕೂಡದಿದ್ದರೆ ಅದರಲ್ಲಿ ಗುಂಡು ಎರೆದಿರುವ ಸಂಭವ ಕಡಿಮೆ. ಅಚ್ಚು ಕೆಲಸ ಮಾಡುತ್ತದೋ ನೋಡೋಣ ಎಂದು ಸೀಸ ಹೊಯ್ಯಲು ಹೋಗಬಾರದು. ಒಳಗಿನ ಆಕಾರ ಬೇಕಾದರೆ ದಂತವೈದ್ಯರು ಹಲ್ಲಿನ ಪಡಿಯಚ್ಚಿಗೆ ಬಳಸುವ ಮೆತ್ತನೆಯ ಸಿಲಿಕೋನ್ ಸಾಕು.

ಕಾನೂನಿನ ಮಾತು ಇಲ್ಲಿ ಬಿಡುವಂತಿಲ್ಲ. 1878ರ ಆಯುಧ ಕಾಯ್ದೆ ಬಂದೂಕಿನ ಜೊತೆ ಸೀಸ, ಗಂಧಕ, ಪೆಟ್ಲುಪ್ಪನ್ನೂ ಸರ್ಕಾರದ ಹಿಡಿತಕ್ಕೆ ತರಲು ದಾರಿ ಮಾಡಿಕೊಂಡಿತ್ತು. ಒಲೆಯ ಮೇಲೆ ಗುಂಡು ಆಗುತ್ತದೆ ಎಂಬುದು ಆಳುವವರಿಗೆ ಚೆನ್ನಾಗಿ ತಿಳಿದಿತ್ತು. ಈಗಿನ 1959ರ ಕಾಯ್ದೆಯಲ್ಲೂ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಸಾಧನಗಳು ಕೂಡ ಸೇರುತ್ತವೆ. ಹಳೆಯ ಕಾಲದ, ರಿಪೇರಿ ಮಾಡಿದರೂ ಹಾರದ ಆಯುಧಕ್ಕೆ 45ನೆಯ ಕಲಮಿನಲ್ಲಿ ವಿನಾಯಿತಿ ಇದೆ, ಆದರೆ ಇಂದಿಗೂ ಗುಂಡು ಎರೆಯಬಲ್ಲ ಅಚ್ಚಿಗೆ ಅದು ತಾನಾಗಿಯೇ ಸಿಗುತ್ತದೆ ಎಂದು ನಂಬಿ ಕೂರುವುದು ಸರಿಯಲ್ಲ. ಸಿಕ್ಕದ್ದನ್ನು ಠಾಣೆಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯುವುದು ಕ್ಷೇಮ. ನೆಲದಲ್ಲಿ ಸಿಕ್ಕಿದ್ದಾದರೆ ರಾಜ್ಯದ 1962ರ ನಿಧಿ ಕಾಯ್ದೆ ಇದೆ. ನೂರು ವರ್ಷ ದಾಟಿದ ಪುರಾತನ ವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ.

ಇದೇ ನಾಡಿನ ಇನ್ನೊಂದು ಮೂಲೆಯಲ್ಲಿ ಏನಾಯಿತು ನೋಡಿ. ಹಲಗಲಿ ಸುಟ್ಟು ನಾಲ್ಕು ವರ್ಷವೂ ಕಳೆದಿರಲಿಲ್ಲ, 1861ರಲ್ಲಿ ಇಂಗ್ಲಿಷರು ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಇಂದಿಗೂ ನಡೆದುಬಂದಿದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೊಡಗಿನಲ್ಲಿ ಕೈಲ್‌ಪೋದ್ ಹಬ್ಬದ ದಿನ ಬಂದೂಕಿಗೆ ಹೂವು ಏರುತ್ತದೆ. ತಲೆತಲಾಂತರದ ಹಕ್ಕು ಎಂದು ಕೇಳಿದ ಹಲಗಲಿಯವರಿಗೆ ಸಿಕ್ಕದ್ದು ನೇಣು. ಕೊಡವರ ಹಕ್ಕಿನ ಮೇಲೆ ನನಗೆ ಕಣ್ಣಿಲ್ಲ. ಒಂದೇ ಸರ್ಕಾರ ಒಂದೇ ಕಾಲದಲ್ಲಿ ಯಾರನ್ನು ನಂಬಿತು, ಯಾರನ್ನು ನಂಬಲಿಲ್ಲ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಇಂಥ ಗುಂಡು ಇಟ್ಟುಕೊಂಡವರಿಗೆ ಆರೋಗ್ಯದ ಎಚ್ಚರ ಬೇಕು. ಸೀಸದ ಮೇಲೆ ಉದುರುವ ಬಿಳಿ ಪುಡಿ ವಿಷ. ಮಕ್ಕಳ ಮೈಗೆ ಇಷ್ಟು ಸೀಸ ಸೇರಿದರೂ ಪರವಾಗಿಲ್ಲ ಎನ್ನುವಂಥ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಂಡಿಗೆ ಹಚ್ಚಿದ ಕುಂಕುಮವನ್ನೇ ಮಕ್ಕಳ ಹಣೆಗೆ ಇಡುವುದನ್ನು ದಯವಿಟ್ಟು ನಿಲ್ಲಿಸಿ. ಗಾಜಿನ ಭರಣಿಯಲ್ಲಿ ಮುಚ್ಚಿಟ್ಟು ಆ ಭರಣಿಗೇ ಪೂಜೆ ಮಾಡಬಹುದು. ಕಟ್ಟಿಗೆಯ ಪೆಟ್ಟಿಗೆ ಬೇಡ, ಕಟ್ಟಿಗೆಯಿಂದ ಹೊರಡುವ ಆಮ್ಲದ ಆವಿ ಸೀಸವನ್ನು ತಿಂದು ಪುಡಿ ಮಾಡುತ್ತದೆ. ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು.

ಎಲ್ಲಕ್ಕಿಂತ ಹೆಚ್ಚು ಬೆಲೆ ಇರುವುದು ಸಿಕ್ಕ ಜಾಗದ ಮಾಹಿತಿಗೆ. 1983ರಲ್ಲಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್ ರಣರಂಗದ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲ ಬರಿದಾಯಿತು. ಮುಂದಿನ ವರ್ಷದಿಂದ ಪುರಾತತ್ವಜ್ಞರು ಅಲ್ಲಿ ಸಿಕ್ಕ ಪ್ರತಿ ಗುಂಡು, ಪ್ರತಿ ತೋಟೆಯ ಜಾಗವನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದರು. 1876ರ ಕಾಳಗದಲ್ಲಿ ಯಾರು ಎಲ್ಲಿ ನಿಂತು ಹಾರಿಸಿದರು, ಯಾವ ಕಡೆ ಸರಿದರು ಎಂಬುದು ಅದರಿಂದ ಹೊರಬಂತು. ಅಲ್ಲಿಯ ಮೂಲನಿವಾಸಿಗಳ ಬಾಯಿಮಾತಿನ ಕಥನವನ್ನು ಮತ್ತೆ ಗಂಭೀರವಾಗಿ ಓದುವಂತಾಯಿತು. ನಮ್ಮಲ್ಲೇ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೆಯ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ಸಿಕ್ಕವು. ತುಕ್ಕು ಹಿಡಿದ ಆ ಕಬ್ಬಿಣದ ಕೊಳವೆಗಳು ಗುಜರಿಗೆ ಹೋಗಿದ್ದರೆ ಕಿಲೋ ಲೆಕ್ಕದಲ್ಲಿ ಮುಗಿದುಹೋಗುತ್ತಿದ್ದವು.

ಆದ್ದರಿಂದ ಒಂದು ಚೀಟಿ ಬರೆದಿಡಿ: ಊರು, ಹೊಲದ ಸರ್ವೆ ನಂಬರು ಇಲ್ಲವೇ ಮನೆಯ ಯಾವ ಭಾಗ, ಸಿಕ್ಕ ದಿನ, ಎಷ್ಟು ಆಳ, ಜೊತೆಗೆ ಏನಿತ್ತು. ಫೋನಿನಲ್ಲಿ ಅಳತೆಪಟ್ಟಿ ಪಕ್ಕಕ್ಕಿಟ್ಟು ಚಿತ್ರ ತೆಗೆಯಿರಿ. ಮಣ್ಣು ತೊಳೆಯಬೇಡಿ. ರಾಜ್ಯದ ಪುರಾತತ್ವ ಇಲಾಖೆಗೋ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ ತೋರಿಸಿ. ಗುಂಡು ಹುಡುಕಲೆಂದು ಹೊಲ ಅಗೆಯುವುದು, ಲೋಹಶೋಧಕ ಹಿಡಿದು ಅಲೆಯುವುದು ಬೇಡವೇ ಬೇಡ.

ಹೀಗೆ ಹಲಗಲಿಯ ಸುತ್ತಲಿನ ಹೊಲಗಳ ಗುಂಡುಗಳು ಜಾಗದ ಸಮೇತ ದಾಖಲಾದರೆ ಏನು ತಿಳಿದೀತು ಎಂದು ನಾನು ಯೋಚಿಸುವುದುಂಟು. 17.5 ಮಿಲಿಮೀಟರಿನ ಒಂದೇ ಅಳತೆಯವು, ಇಲ್ಲವೇ ಬುಡ ಟೊಳ್ಳಾದವು ಒಂದು ಕಡೆ ಗುಂಪಾಗಿ ಸಿಕ್ಕರೆ ಅವು ಸೈನ್ಯದವು. ಒಂದಕ್ಕೊಂದು ಹೊಂದದ, ಗೆರೆ ಎದ್ದ, ಗಾಳಿ ಹೊಕ್ಕ ಹಗುರ ಗುಂಡುಗಳು ಮನೆಯ ಒಲೆಯವು. ಎರಡೂ ಎದುರಾದ ಸಾಲು ನಕ್ಷೆಯ ಮೇಲೆ ಮೂಡಿದರೆ ನವೆಂಬರ್ 29ರ ರಾತ್ರಿ ದಂಡನ್ನು ತಡೆದದ್ದು ಊರಿನ ಯಾವ ದಿಕ್ಕಿನಲ್ಲಿ ಎಂಬುದು ಗೊತ್ತಾಗುತ್ತದೆ. ಮಂಟೂರಿನ ಅಟ್ಟದಲ್ಲೊಂದು ಅಚ್ಚು ಸಿಕ್ಕು, ಅದರ ಒಳಗಿನ ಅಳತೆ ಹಲಗಲಿಯ ಹೊಲದ ಗುಂಡಿಗೆ ಸರಿಹೊಂದಿದರೆ, ಆ ಮನೆಯಿಂದ ಒಬ್ಬ ಹಲಗಲಿಗೆ ನಡೆದು ಹೋಗಿದ್ದ ಎಂದು ಊಹಿಸಲು ಯಾವ ವರದಿಯಲ್ಲೂ ಸಿಗದ ಆಧಾರ ಕೈಗೆ ಬಂದಂತಾಗುತ್ತದೆ.